ಬುದ್ಬುದ ಮೀಮಾಂಸೆ, ಅರ್ಥಾತ್ ಲೈಟ್ ಹೋದಾಗ ಮೀನು ಉಳಿಸುವ ಶಾಸ್ತ್ರ

‘ವಿದ್ಯುದಭಾವೇ ಬುದ್ಬುದಾಭಾವಃ’ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಸೂತ್ರಕಾರನೂ ಭಾಷ್ಯಕಾರನೂ ನಾನೇ ಆದ್ದರಿಂದ ಪಾಠಾಂತರಗಳಿಲ್ಲ: ಕರೆಂಟು ಹೋದರೆ ಗುಳ್ಳೆಯೂ ಹೋಯಿತು. ಇದಕ್ಕೆ ಅಧಿಕಾರಿ ಯಾರು? ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಗೋಲ್ಡ್‌ಫಿಶ್ ಸಾಕಿದವನು. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರರಲ್ಲಿ ಒಂದೂರಲ್ಲಿದ್ದು ಕನ್ನಡದಲ್ಲಿ ಚಿಂತೆ ಮಾಡಿ ಮರಾಠಿಯಲ್ಲಿ ಲೈಟ್ ಬಿಲ್ ಓದುವವನು. ಬಾಟಲಿಯಲ್ಲಿ ಒಂದೇ ಒಂದು ಫೈಟರ್ ಮೀನು ಸಾಕಿದವನಿಗೆ ಅಧಿಕಾರವಿಲ್ಲ. ಆ ಮೀನಿನ ತಲೆಯೊಳಗೆ ಗಾಳಿಯಿಂದಲೇ ಉಸಿರು ಪಡೆಯುವ ಪ್ರತ್ಯೇಕ ಅಂಗವಿದೆ. ಮೇಲೆ ಬಂದು ಒಂದು ಗುಟುಕು ನುಂಗಿ ಹೋಗುತ್ತದೆ. ಅಂಥ ಜೀವನ್ಮುಕ್ತರಿಗೆ ಶಾಸ್ತ್ರವೇಕೆ?

ಇತಿಹಾಸ ಹೇಳದೆ ಸಿದ್ಧಾಂತಕ್ಕೆ ಇಳಿದರೆ ಪಂಡಿತರು ಎದ್ದು ಹೋಗುತ್ತಾರೆ. ಮೀನನ್ನು ಪಾತ್ರೆಯಲ್ಲಿ ಸಾಕಿದವರಲ್ಲಿ ಮನುವಿಗೆ ಅಗ್ರಪೂಜೆ. ಶತಪಥ ಬ್ರಾಹ್ಮಣದ ಕಥೆಯಂತೆ, ಕೈ ತೊಳೆಯುವ ನೀರಿನಲ್ಲಿ ಸಿಕ್ಕ ಮರಿಮೀನನ್ನು ಆತ ಮೊದಲು ಗಡಿಗೆಯಲ್ಲಿ, ಆಮೇಲೆ ಹೊಂಡದಲ್ಲಿ ಇಟ್ಟು, ಕೊನೆಗೆ ಸಮುದ್ರಕ್ಕೆ ಬಿಟ್ಟ. ಭಕ್ತರು ಇದರಲ್ಲಿ ಅವತಾರ ಕಾಣುತ್ತಾರೆ. ನಾವು ಕಾಣುವುದು ಇಷ್ಟೇ: ಮೀನು ಬೆಳೆದಂತೆ ನೀರಿನ ಮೇಲ್ಮೈಯನ್ನೂ ಬೆಳೆಸಿದ್ದರಿಂದ ಮನುವಿಗೆ ಏರ್ ಪಂಪಿನ ಗರಜು ಬೀಳಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಆದರೆ ಅರಸರ ಲಕ್ಷ್ಯವೆಲ್ಲ ಗಾಳ ಹಾಕಿ ಮೀನನ್ನು ನೀರಿನಿಂದ ಹೊರಗೆಳೆಯುವುದರ ಮೇಲೆ. ನೀರಿನೊಳಗೇ ಬದುಕಿಸುವ ರಗಳೆಯನ್ನು ನಮ್ಮಂಥ ಪ್ರಜೆಗಳಿಗೆ ಬಿಟ್ಟು ಹೋದರು.

ಮುಂದೆ 1800ರ ಮಾರ್ಚ್ 20ರಂದು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಬೆಳ್ಳಿ, ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು ಪೇರಿಸಿದರೆ ವಿದ್ಯುತ್ ಹರಿಯುತ್ತದೆ ಎಂದ. ಶಾಕ್ ಹೊಡೆಯುವ ಟಾರ್ಪೆಡೊ ಮೀನಿನ ಅಂಗಕ್ಕೆ ಆ ಪೇರಿಕೆಯನ್ನು ಹೋಲಿಸಿ, ಅದನ್ನು ಕೃತಕ ವಿದ್ಯುದಂಗ ಎಂದೇ ಕರೆದ. ಅಂದಮೇಲೆ ಬ್ಯಾಟರಿ ಎಂಬುದು ಮೀನಿನಿಂದ ತಂದ ಕಡ. ಅದನ್ನು ಮೀನಿಗೇ ತೀರಿಸುವುದು ಈ ಶಾಸ್ತ್ರದ ಪ್ರಯೋಜನ. ಇನ್ನೂರು ವರ್ಷಗಳ ಬಡ್ಡಿಯ ಮಾತನ್ನು ಮೀನುಗಳು ಇನ್ನೂ ಎತ್ತಿಲ್ಲ.

ಪ್ರಾಂತ ನಿರ್ಣಯದಲ್ಲಿ ಸ್ವಲ್ಪ ತೊಡಕಿದೆ. 1967ರ ಮಹಾಜನ ವರದಿ ಮಹಾರಾಷ್ಟ್ರ-ಕರ್ನಾಟಕ ಗಡಿಯ ಹಳ್ಳಿಗಳನ್ನು ಎಣಿಸಿತು, ತೊಟ್ಟಿಗಳನ್ನು ಎಣಿಸಲಿಲ್ಲ. ಅಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿ ಗಡಹಿಂಗ್ಲಜ ಹಾದು ಕರ್ನಾಟಕಕ್ಕೆ ಇಳಿದು ಘಟಪ್ರಭೆ ಸೇರುತ್ತದೆ. ಅದರ ಮೀನುಗಳ ಮಾತೃಭಾಷೆಯ ಪ್ರಶ್ನೆ ಇನ್ನೂ ನ್ಯಾಯಾಲಯಕ್ಕೆ ಬಂದಿಲ್ಲ. ಅದೇ ಅಂಬೋಲಿಯ ಹೊಸ ಪ್ರಭೇದದ ಮೀನೊಂದಕ್ಕೆ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಟ್ಟರು. ಮರುವರ್ಷ ಅದರ ನೆಲೆಯೇ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮನೆಬಾಗಿಲಿಗೆ ಬುಗ್ಗೆಯ ನೀರು, ಬೆನ್ನಿಗೆ ಸರಕಾರ, ಲೋಡ್‌ಶೆಡ್ಡಿಂಗ್ ಇಲ್ಲ. ನಮ್ಮ ಗೋಲ್ಡ್‌ಫಿಶ್ ಅಷ್ಟು ಪುಣ್ಯ ಮಾಡಿ ಬಂದಿಲ್ಲ.

ಈಗ ಪೂರ್ವಪಕ್ಷ. ‘ಪಂಪು ಗಾಳಿ ಬಿಡ್ತದ, ಮೀನ ಆ ಗುಳ್ಳಿ ಕುಡೀತದ’ ಎನ್ನುವವರು ಗುಳ್ಳೆವಾದಿಗಳು. ಖಂಡನೆ ಹೀಗೆ: ಗುಳ್ಳೆ ತಳದಿಂದ ಮೇಲೇರುವ ಒಂದೆರಡು ಕ್ಷಣಗಳಲ್ಲಿ ನೀರಿಗೆ ಬಿಟ್ಟುಕೊಡುವ ಆಮ್ಲಜನಕ ಬಹಳ ಕಡಿಮೆ. ಅದರ ಮುಖ್ಯ ಕೆಲಸ ಕೆಳಗಿನ ನೀರನ್ನು ಮೇಲೆಳೆದು ಮೇಲ್ಮೈಯನ್ನು ಕದಡುವುದು. ಕೊಡುಕೊಳ್ಳುವ ವ್ಯವಹಾರ ಹೆಚ್ಚಾಗಿ ನಡೆಯುವುದು ಅಲ್ಲಿ, ನೀರೂ ಗಾಳಿಯೂ ಎದುರಾಗುವ ಜಾಗದಲ್ಲಿ. ಆದ್ದರಿಂದ ಗುಳ್ಳೆ ಮಾಯೆ, ಮೇಲ್ಮೈ ಸತ್ಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಇದು ಸಮುದ್ರಮಟ್ಟದ ದರ, ನಮ್ಮ ಘಟ್ಟದ ಮೇಲಿನ ಊರುಗಳಿಗೆ ಇನ್ನಷ್ಟು ಕಡಿತ. ಊರೆಲ್ಲ ಫ್ಯಾನು ಹಚ್ಚಿ ಡಿಪಿಯ ಫ್ಯೂಸು ಹಾರುವ ಏಪ್ರಿಲ್‌ನಲ್ಲೇ ನೀರಿನ ಜೇಬೂ ಖಾಲಿ.

ಆಮ್ಲಜನಕ ಇಳಿದ ಮೇಲೆ ಮೀನುಗಳು ಮೇಲೆ ಬಂದು ಬಾಯಿ ತೆರೆತೆರೆದು ಮುಚ್ಚುತ್ತವೆ. ಇದನ್ನು ಹಸಿವೆಂದು ವ್ಯಾಖ್ಯಾನಿಸುವ ಕರುಣಾಪಂಥ ಪ್ರತಿ ಮನೆಯಲ್ಲೂ ಇದೆ. ‘ಪಾಪ, ಉಪಾಸ ಬಿದ್ದಾವ, ಒಂದ ಚಿಮಟಿ ಹಾಕೋ ತಮ್ಮಾ’ ಎಂದು ಕತ್ತಲೆಯಲ್ಲೇ ಅಜ್ಜಿಯ ಆಜ್ಞೆ ಹೊರಡುತ್ತದೆ. ಹಾಕಿದ ಚಿಮಟಿ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ತಿಂದು ಹಾಕುತ್ತದೆ. ಕತ್ತಲೆಗಿಂತ ಕರುಣೆಗೆ ಬಲಿಯಾದ ಮೀನುಗಳೇ ಹೆಚ್ಚು ಎಂಬುದಕ್ಕೆ ನನ್ನಲ್ಲಿರುವುದು ಅನುಮಾನ ಪ್ರಮಾಣವೊಂದೇ. ಪ್ರತ್ಯಕ್ಷ ಪ್ರಮಾಣ ಅಜ್ಜಿಯ ಬಳಿಯಿದೆ, ಅವರು ಒಪ್ಪುವುದಿಲ್ಲ.

ಪರಿಹಾರಮಾರ್ಗದಲ್ಲಿ ಮೂರು ಪಂಥಗಳು. ಕೊಲ್ಲಾಪುರ ಪಂಥ ಮಹಾಯಾನ: ಮೆಟ್ಟಿಲ ಕೆಳಗೆ ಇನ್ವರ್ಟರ್, ಪಕ್ಕದಲ್ಲಿ 12 ವೋಲ್ಟ್, 150 ಆಂಪ್ ಅವರ್‌ನ ಬ್ಯಾಟರಿ, ಕಾಗದದ ಮೇಲೆ 1800 ವ್ಯಾಟ್ ಅವರ್. 3 ವ್ಯಾಟಿನ ಪಂಪು ಇದರ ಮೇಲೆ 25 ದಿನ ಓಡಬೇಕೆಂದು ಗಣಿತ ಸಾರುತ್ತದೆ. ಓಡುವುದಿಲ್ಲ. ಇನ್ವರ್ಟರ್ ಬರೀ ಎಚ್ಚರವಿರಲಿಕ್ಕೇ ಆ ಪಂಪಿಗಿಂತ ಹೆಚ್ಚು ತಿನ್ನುತ್ತದೆ. ಪ್ರಸಾದಕ್ಕಿಂತ ದಕ್ಷಿಣೆ ದೊಡ್ಡದು. ಮೇಲೆ ಫ್ಯಾನು, ಟಿವಿ, ವೈಫೈಗಳ ಸರ್ವಜೀವ ಉದ್ಧಾರವೂ ಅದರದೇ ಹೊಣೆ. ಇಷ್ಟಾದ ಮೇಲೂ ‘ಎರಡ ಮಿನಿಟ್ ಅಷ್ಟ’ ಎಂದು ಮೀನಿನ ಪ್ಲಗ್ ಕಿತ್ತು ಮೊಬೈಲ್ ಚಾರ್ಜರ್ ಸಿಕ್ಕಿಸುವ ಕಾಕಾ ಇದ್ದೇ ಇರುತ್ತಾರೆ. ಕಾಕಾನ ಎರಡು ಮಿನಿಟು ಬ್ರಹ್ಮನ ಕಾಲಮಾನಕ್ಕೆ ಸೇರಿದ್ದು. ಇನ್ನು ಮೆಟ್ಟಿಲ ಕೆಳಗಿನ ಬ್ಯಾಟರಿಗೆ ನೆರೆಯ ಕಾಟ: ಕೊಲ್ಲಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ಎಚ್ಚರಿಕೆ ಮಟ್ಟ 39 ಅಡಿ, ಅಪಾಯದ ಮಟ್ಟ 43. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು. ಬ್ಯಾಟರಿಯ ಸ್ಥಾನ ಮೀನಿಗಿಂತ ಎತ್ತರದಲ್ಲಿರಬೇಕು ಎಂಬ ಉಪಸೂತ್ರವನ್ನು ಆ ಮಟ್ಟ ನೋಡಿಯೇ ಸೇರಿಸಿದ್ದೇನೆ.

ಇಚಲಕರಂಜಿ ಪಂಥ ಕಸುಬುದಾರರದು. 1904ರಲ್ಲೇ ಪವರ್‌ಲೂಮ್ ಕಂಡ ಊರು ಅದು. ಅಲ್ಲಿ ಲೈಟ್ ಹೋದದ್ದನ್ನು ಕಿವಿ ಮೊದಲು ಹೇಳುತ್ತದೆ. ಓಣಿಯ ಖಟಖಟ ನಿಂತರೆ ಮಲಗಿದವರೂ ಎದ್ದು ಕೂಡುತ್ತಾರೆ. ಮೀನಿನ ಪಂಪು ನಿಂತದ್ದು ಮಾತ್ರ ಕೇಳಿಸುವುದಿಲ್ಲ, ಏಕೆಂದರೆ ಅದು ಓಡುವಾಗಲೂ ಕೇಳಿಸಿರಲಿಲ್ಲ. ಈ ಪಂಥದ ಆಚಾರ್ಯರು ಮೋಟಾರ್ ಸ್ಟಾರ್ಟರ್ ಬಿಚ್ಚಿ ಬಿಚ್ಚಿ ಬೆಳೆದವರು. ‘ಕರೆಂಟ್ ಇರೂತನಕ ಕಾಯಿಲ್ ಹಿಡಿತದ, ಹೋತಂದ್ರ ಬಿಡ್ತದ’ ಎಂಬುದೇ ಅವರ ಮಹಾವಾಕ್ಯ. ಒಂದು 230 ವೋಲ್ಟಿನ ರಿಲೇ ತಂದು, ಕಾಯಿಲನ್ನು ಮನೆಯ ಲೈನಿಗೆ, ಬಿಟ್ಟಾಗ ಕೂಡುವ ಕಾಂಟ್ಯಾಕ್ಟನ್ನು 12 ವೋಲ್ಟಿನ ಬ್ಯಾಟರಿಗೂ ಡಿಸಿ ಪಂಪಿಗೂ ನಡುವೆ ಜೋಡಿಸುತ್ತಾರೆ. ಲೈನ್ ಸತ್ತ ಗಳಿಗೆಗೆ ಡಿಸಿ ಪಂಪು ಜೀವ ತಳೆಯುತ್ತದೆ. ನೀರು ತುಂಬಿದಾಗ ರಾಧಾನಗರಿ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ತಾವಾಗಿಯೇ ತೆರೆಯುವುದೂ ಇದೇ ದರ್ಶನ, ಯಾರಿಗೂ ಫೋನ್ ಮಾಡಬೇಕಿಲ್ಲ. 7 ಆಂಪ್ ಅವರ್‌ನ ಸೀಲ್ಡ್ ಬ್ಯಾಟರಿಯಲ್ಲಿ 84 ವ್ಯಾಟ್ ಅವರ್. ಆಯುಷ್ಯ ಉಳಿಸಲು ಅರ್ಧವನ್ನಷ್ಟೇ ಖರ್ಚು ಮಾಡಿದರೂ 3 ವ್ಯಾಟಿಗೆ 14 ಗಂಟೆ. ಇವರು ಮರೆಯುವುದು ಹತ್ತಿಪ್ಪತ್ತು ರೂಪಾಯಿಯ ನಾನ್ ರಿಟರ್ನ್ ವಾಲ್ವನ್ನು. ಅದಿಲ್ಲದಿದ್ದರೆ ನಿಂತ ಪಂಪಿನ ನಳಿಗೆಯಲ್ಲಿ ನೀರು ಹಿಂದಕ್ಕೆ ನುಗ್ಗಿ, ಪಂಪನ್ನೂ ಪಕ್ಕದ ಬೋರ್ಡನ್ನೂ ಅಭಿಷೇಕಿಸಿ, ಮೀನಿನ ಬದಲು ಮಾಲೀಕನನ್ನೇ ವೈಕುಂಠಕ್ಕೆ ಕಳಿಸುವ ಸಂಭವವುಂಟು.

ಪವರ್ ಬ್ಯಾಂಕಿಗೆ ಯುಎಸ್‌ಬಿ ಪಂಪು ಸಿಕ್ಕಿಸುವ ತರುಣರ ಶಾಖೆಯೂ ಇದೆ. ಒಳ್ಳೆಯದೇ. ಆದರೆ ಕೆಲವು ಪವರ್ ಬ್ಯಾಂಕುಗಳು ತೀರ ಸಣ್ಣ ಗಿರಾಕಿಯನ್ನು ಗಿರಾಕಿಯೆಂದೇ ಎಣಿಸದೆ ತಾವಾಗಿ ಬಾಗಿಲು ಹಾಕುತ್ತವೆ, ದೊಡ್ಡ ಬ್ಯಾಂಕುಗಳ ಸಂಸ್ಕಾರ.

ಗಡಹಿಂಗ್ಲಜ ಪಂಥಕ್ಕೆ ಬ್ಯಾಟರಿಯೇ ಇಲ್ಲ. ಅದರ ಉಪಕರಣ ತಂಬಿಗಿ. ಮಳೆಗಾಲದ ರಾತ್ರಿ ಗಿಡ ಮುರಿದು ತಂತಿಯ ಮೇಲೆ ಬಿದ್ದಾಗ ವೈನಿ ತೊಟ್ಟಿಯಿಂದ ಒಂದು ತಂಬಿಗಿ ನೀರು ಮೊಗೆದು ಒಂದು ಗೇಣು ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತಾರೆ, ಮತ್ತೆ ಮೊಗೆಯುತ್ತಾರೆ. ಮೇಲ್ಮೈ ಕದಡಿತು, ಗಾಳಿ ಬೆರೆಯಿತು. ಗುಳ್ಳೆವಾದವನ್ನು ಖಂಡಿಸಿದ ಮೇಲೆ ಈ ಪಂಥವನ್ನು ಖಂಡಿಸಲು ನನ್ನ ಬಳಿ ಆಯುಧವೇ ಉಳಿದಿಲ್ಲ. ನಾನೇ ಹಾಕಿದ ಸಿದ್ಧಾಂತದ ಪ್ರಕಾರ ವೈನಿಯೇ ಪರಮಾಚಾರ್ಯೆ. ಇಚಲಕರಂಜಿಯ ಮೈದುನ ರಿಲೇ, ಕಾಯಿಲ್, ಕಾಂಟ್ಯಾಕ್ಟ್ ಎಂದು ಅರ್ಧ ತಾಸು ಪ್ರವಚನ ಕೊಟ್ಟಾಗ ಅವರು ಎತ್ತಿದ್ದು ಒಂದೇ ಆಕ್ಷೇಪ: ‘ಅಷ್ಟೊತ್ತಿನ್ಯಾಗ ನೀನೂ ನಾಕ ತಂಬಿಗಿ ಸುರೀಬಹುದಿತ್ತಲ್ಲೋ.’ ಪ್ರತಿವಾದ ಇನ್ನೂ ಬಂದಿಲ್ಲ.

ಉಳಿದದ್ದು ಉತ್ತರಕಾಂಡ, ಲೈಟ್ ಬಂದ ಮೇಲಿನ ವಿಧಿ. ಮುಚ್ಚಿದ ಡಬ್ಬಿಯ ಫಿಲ್ಟರ್ ತಾಸುಗಟ್ಟಲೆ ನಿಂತಿದ್ದರೆ ಒಳಗಿನ ಉಪಕಾರಿ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತೊಡಗುತ್ತವೆ, ನೀರು ಕೊಳೆಯುತ್ತದೆ. ಹಾಗೆಯೇ ಸ್ವಿಚ್ ಒತ್ತಿದರೆ ಆ ಗಬ್ಬೆಲ್ಲ ತೊಟ್ಟಿಗೆ ಸುರಿದು, ಕತ್ತಲೆಯಲ್ಲಿ ಬದುಕಿದ ಮೀನು ಬೆಳಕಿನಲ್ಲಿ ಸಾಯುತ್ತದೆ. ಆದ್ದರಿಂದ ಮೊದಲು ಡಬ್ಬಿ ಬಿಚ್ಚಿ ಹಳೆಯ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಅಲುಬಿ, ಆಮೇಲೆ ಹಚ್ಚಬೇಕು. ಶಾಸ್ತ್ರದಲ್ಲಿ ಅತ್ಯಂತ ಮುಖ್ಯವಾದ ಈ ಕಾಂಡಕ್ಕೆ ಈವರೆಗೆ ಒಬ್ಬ ಶ್ರೋತೃವೂ ಸಿಕ್ಕಿಲ್ಲ. ‘ಲೈಟ್ ಬಂತೋ’ ಎಂದು ಕೂಗು ಎದ್ದೊಡನೆ ಅಜ್ಜಿ ಟಿವಿಯ ಮುಂದೆ, ಕಾಕಾ ಚಾರ್ಜರ್ ಹುಡುಕಾಟದಲ್ಲಿ, ವೈನಿ ಮಿಕ್ಸರಿನ ಹತ್ತಿರ.