ಖಾಲಿ ಡಬ್ಬಿ

ಕಾಂಗೋ ದೇಶದ ಕಿನ್ಶಾಸಾದಲ್ಲಿ ಬೀದಿಯಲ್ಲೇ ಬೆಳೆದ ರೋಜರ್ ಲಾಂಡು ಎಂಬ ಹುಡುಗನಿಗೆ ಒಂದು ಖಾಲಿ ತಗಡಿನ ಡಬ್ಬಿ ಸಿಕ್ಕಿತು. ಅದಕ್ಕೊಂದು ಬಾಗಿದ ಕಡ್ಡಿ ಸಿಕ್ಕಿಸಿ, ಕಡ್ಡಿಯ ತುದಿಯಿಂದ ಡಬ್ಬಿಗೆ ಒಂದೇ ಒಂದು ತಂತಿ ಬಿಗಿದ. ಆ ವಾದ್ಯಕ್ಕೆ ಅವನಿಟ್ಟ ಹೆಸರು ಸಾಟೊಂಗೆ. ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ಕಡ್ಡಿಯನ್ನು ಬಗ್ಗಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಮೆಟ್ಟಿಲಿಲ್ಲ, ಬಿರಡೆಯಿಲ್ಲ, ಗುರುದಕ್ಷಿಣೆಯಂತೂ ಇಲ್ಲವೇ ಇಲ್ಲ.

ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡು, ಮೂರು ಚಕ್ರದ ಗಾಡಿಗಳಲ್ಲಿ ಓಡಾಡುವ ಹಾಡುಗಾರರ ತಂಡವೊಂದು ಅಲ್ಲಿತ್ತು, ‘ಸ್ಟಾಫ್ ಬೆಂಡ ಬಿಲಿಲಿ’ ಅಂತ. ಊರಿನ ಮೃಗಾಲಯದ ಆವರಣದಲ್ಲೇ ಅವರ ತಾಲೀಮು. ಹುಡುಗ ಅವರ ಜೊತೆ ಸೇರಿಕೊಂಡ. 2009ರಲ್ಲಿ ಆಲ್ಬಂ ಬಂತು, 2010ರಲ್ಲಿ ಅವರ ಮೇಲಿನ ಸಾಕ್ಷ್ಯಚಿತ್ರ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅವನು ಮೀಟುವುದನ್ನು ಕಣ್ಣು ಮುಚ್ಚಿ ಕೇಳಿದರೆ, ಇಷ್ಟೆಲ್ಲ ಒಂದೇ ತಂತಿಯ ಕೆಲಸ ಅಂತ ಆಣೆ ಮಾಡಿ ಹೇಳಿದರೂ ನಂಬಿಕೆ ಬರುವುದಿಲ್ಲ.

ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಎಲ್ಲಮ್ಮನ ಜೋಗತಿಯರ ಚೌಡಿಕೆಗೂ ಒಂದೇ ತಂತಿ ತಾನೆ? ಕಾಂಗೋದ ಹುಡುಗನಿಗೆ ಆಗುತ್ತೆ, ಸವದತ್ತಿಯ ಜೋಗತಿಗೆ ಆಗುತ್ತೆ, ನನಗ್ಯಾಕಾಗಬಾರದು? ಬೆಳಿಗ್ಗೆ ಎದ್ದವನೇ ಅಡುಗೆಮನೆಗೆ ನುಗ್ಗಿ ಅಟ್ಟದ ಮೇಲಿದ್ದ ಡಬ್ಬಿಗೆ ಕೈ ಹಾಕಿದೆ.

“ಅದನ್ಯಾಕೋ ತೆಗೀತೀಯ? ಹಪ್ಪಳದ ಡಬ್ಬಿ ಅದು,” ಅಂದಳು ಅಮ್ಮ.

“ಒಳಗೆ ಹಪ್ಪಳಾನೇ ಇಲ್ವಲ್ಲಮ್ಮ.”

“ಬೇಸಿಗೆಗೆ ಮಾಡ್ತೀನಲ್ಲ.”

ಬಿಸಾಡಿದ ವಸ್ತುವಿನಿಂದ ವಾದ್ಯ ಮಾಡಬೇಕಾದರೆ ಮೊದಲು ಯಾರಾದರೂ ಏನಾದರೂ ಬಿಸಾಡಬೇಕು. ನಮ್ಮ ಮನೆಯಲ್ಲಿ ಆ ಪದ್ಧತಿಯೇ ಇಲ್ಲ. ಕಾಫಿಪುಡಿಯಾಗಿ ಬಂದ ಡಬ್ಬಿ ಮೆಂತ್ಯಕ್ಕೆ, ಮೆಂತ್ಯದಿಂದ ಸೂಜಿದಾರಕ್ಕೆ ಬಡ್ತಿ ಪಡೆದು, ತುಕ್ಕು ಹಿಡಿದ ಮೇಲೆ ಬುಡಕ್ಕೆ ತೂತು ಹೊಡೆಸಿಕೊಂಡು ದೊಡ್ಡಪತ್ರೆ ಗಿಡಕ್ಕೆ ಕುಂಡವಾಗುತ್ತದೆ. ಅದಕ್ಕೆ ನಿವೃತ್ತಿ ಎಂಬುದಿಲ್ಲ.

ಕೊನೆಗೆ ಅಂಗಡಿಗೆ ಹೋಗಿ, ಕಸಕ್ಕಾಗಿ ಕಾಸು ಕೊಟ್ಟು, ಒಂದು ಡಬ್ಬಿ ಹಾಲಿನಪುಡಿ ತಂದೆ. ಅದು ಖಾಲಿಯಾಗಲು ಮೂರು ವಾರ ಮನೆಮಂದಿಯೆಲ್ಲ ಹಾಲಿನಪುಡಿ ಕಾಫಿ ಕುಡಿದು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಹಳೇ ಮೊರದ ಅಂಚಿನ ಬಿದಿರು ಕಡ್ಡಿ ಸಿಕ್ಕಿತು. ಸ್ಕೂಟರಿನ ಕ್ಲಚ್ ಕೇಬಲ್ ಬಿಚ್ಚಿ ಒಂದು ಎಳೆ ತೆಗೆದೆ. ಮೊಳೆಯಿಂದ ಡಬ್ಬಿಗೆ ಎರಡು ತೂತು ಹೊಡೆದೆ, ಮೂರನೆಯದು ಹೆಬ್ಬೆರಳಿಗೆ ಬಿತ್ತು.

ಮೀಟಿದೆ. “ಬೊಂಯ್” ಅಂತು. ಕಡ್ಡಿ ಬಗ್ಗಿಸಿ ಮೀಟಿದೆ. ಅದೇ ಬೊಂಯ್, ಸ್ವಲ್ಪ ಬೇಜಾರಿನಿಂದ. ಒಂದು ವಾರ ಸಾಧನೆ ಮಾಡಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ, “ನಿಮ್ಮ ಮಿಕ್ಸಿ ರಿಪೇರಿಗೆ ಬಂದ ಹಾಗಿದೆ, ಗೊತ್ತಿರೋ ಹುಡುಗ ಇದ್ದಾನೆ, ಕಳಿಸಲಾ?” ಅಂದರು.

ಮುಂದಿನ ಭಾನುವಾರ ನೋಡಿದರೆ ವಾದ್ಯ ಕಾಣೆ. ಕಡ್ಡಿ ಹಿತ್ತಲಲ್ಲಿ ಹೀರೇಬಳ್ಳಿಗೆ ಆಸರೆಯಾಗಿ ನಿಂತಿತ್ತು, ತಂತಿ ಬಚ್ಚಲ ಕಿಟಕಿಗೆ ಚಿಲಕವಾಗಿತ್ತು. ಡಬ್ಬಿ ಅಡುಗೆಮನೆಯ ಕಪಾಟಿನ ಸಾಲಿನಲ್ಲಿ ಕೂತಿತ್ತು.

“ತೂತು ಬೇರೆ ಹೊಡೆದಿಟ್ಟಿದ್ದೀಯ, ರವೆ ಹಾಕೋ ಹಾಗಿಲ್ಲ,” ಅಂತ ಗೊಣಗಿದಳು ಅಮ್ಮ. “ಕಡಲೆಬೀಜ ಹಾಕಿದೀನಿ. ತೂತಿಗಿಂತ ದಪ್ಪ ಇದೆ, ಬೀಳಲ್ಲ.”

ಎಷ್ಟು ಉಳಿದಿದೆ ನೋಡಲು ಕಿವಿಯ ಹತ್ತಿರ ಹಿಡಿದು ನಾಲ್ಕು ಸಲ ಅಲ್ಲಾಡಿಸಿದಳು. ತಾಳ ಅಚ್ಚುಕಟ್ಟಾಗಿತ್ತು.