ತಾರೀಖು ಮಾವ

ಬಳ್ಳಾರಿಯ ಸುಧಾ ಕ್ರಾಸಿನಲ್ಲಿ ರೈಲ್ವೆ ಗೇಟು ಬಿದ್ದರೆ ಬೈಕಿನವರು ಹಾರನ್ ಒತ್ತುತ್ತಾರೆ, ಆಟೋದವರು ಬಯ್ಯುತ್ತಾರೆ. ಒಬ್ಬರು ಮಾತ್ರ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಬಗಲಚೀಲದಿಂದ ಡೈರಿ ಹೊರತೆಗೆಯುತ್ತಾರೆ. ಅದಿರಿನ ವ್ಯಾಗನ್ನುಗಳೆಲ್ಲ ಉರುಳಿ ಮುಗಿಯುವಷ್ಟರಲ್ಲಿ ಪಕ್ಕದವನಿಗೆ ಊರಿನ ಎರಡು ಕಾಮಗಾರಿಗಳ ಜಾತಕ ಹೇಳಿಯಾಗಿರುತ್ತದೆ. ಅವರೇ ನಮ್ಮ ತಾರೀಖು ಮಾವ. ಅಪ್ಪ-ಅಮ್ಮ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಷ್ಟೇ ಉಳಿದಿದೆ.

ಹುಟ್ಟಿದ್ದು ಕುರುಗೋಡು. ಮೇಷ್ಟರಾಗಿ ನಿವೃತ್ತರಾಗಿ ಮನೆ ಕಟ್ಟಿಸಿದ್ದು ಬಳ್ಳಾರಿ. ಮಗಳನ್ನು ಕೊಟ್ಟದ್ದು ಸಿರುಗುಪ್ಪಕ್ಕೆ, ಮಗನನ್ನು ಕೊಟ್ಟದ್ದು, ಅವರದೇ ಮಾತಿನಲ್ಲಿ, ಬೆಂಗಳೂರಿಗೆ. ಹೀಗಾಗಿ ಈ ನಾಲ್ಕು ಊರುಗಳಲ್ಲಿ ಯಾರು ಎಲ್ಲಿ ನೆಲ ಅಗೆದರೂ ಮಾವನಿಗೆ ಬೀಗತನ ಬಂತು. ಅಗೆದವರು ಯಾವತ್ತು ಮುಚ್ಚುತ್ತೇವೆಂದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬೋರ್ಡು ನೆಟ್ಟಿದ್ದರೂ ತಾರೀಖಿನ ಜಾಗಕ್ಕೆ ಸರಿಯಾಗಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಬಂದು ಕೂತಿರುತ್ತದೆ. ಆ ಫ್ಲೆಕ್ಸಿನ ಹಿಂದೆ ಮಾವನ ಇಲಾಖೆ ತೆರೆಯುತ್ತದೆ.

ಇಲಾಖೆಯ ಕಚೇರಿ ಎಂದರೆ ಚಾದಂಗಡಿಯ ಬೆಂಚು. ಒಗ್ಗರಣೆ-ಮಿರ್ಚಿ ಮುಗಿದ ಮೇಲೆ ದರ್ಶನ.

"ಮಾವ, ನಮ್ಮ ಓಣಿ ರಸ್ತೆ ಯಾವಾಗ ಆಕ್ಕೈತ್ರಿ?"

"ಯುಗಾದಿ ಮುಂದ."

ಯಾವ ಯುಗಾದಿ ಎಂದು ಕೇಳುವವನು ಊರಿಗೆ ಹೊಸಬ.

ನಾನೂ ಮೊದಮೊದಲು ನಗುತ್ತಿದ್ದೆ. ನಮ್ಮ ಮನೆ ಮುಂದೆ ಗುಂಡಿ ತೋಡಿದ ಮೇಲೆ ಒಂದು ಕಚೇರಿಗೆ ಫೋನು ಮಾಡಿದೆ. ಮೊದಲನೆಯವರು ಎರಡನೆಯವರ ನಂಬರು ಕೊಟ್ಟರು, ಎರಡನೆಯವರು ಮೂರನೆಯವರದು. ಮೂರನೆಯವರು, "ಸಾಹೇಬ್ರು ಸೈಟಿಗೆ ಬಂದಾರ, ಅಲ್ಲೇ ಮಾತಾಡ್ರಿ" ಎಂದರು. ನಾನು ನಿಂತಿದ್ದದ್ದೇ ಸೈಟಿನಲ್ಲಿ. ಮಣ್ಣಿನ ಗುಡ್ಡೆಯ ಮೇಲೆ ಒಂದು ನಾಯಿ ಮಲಗಿತ್ತು. ಅದನ್ನು ಎಬ್ಬಿಸಿ ಕೇಳುವ ಧೈರ್ಯವಾಗಲಿಲ್ಲ. ನೆಟ್ಟಗೆ ಮಾವನ ಬೆಂಚಿಗೆ ಹೋದೆ. "ಶ್ರಾವಣ ಮುಗ್ಯೂದ್ರಾಗ" ಎಂದರು. ಮುಗಿಯಲಿಲ್ಲ, ನಿಜ. ಆದರೆ ಅವತ್ತು ರಾತ್ರಿ ನಿದ್ದೆ ಬಂತು.

ಮಾವ ಸುಳ್ಳುಗಾರರಲ್ಲ. ಪ್ರತಿ ತಾರೀಖಿಗೂ ಮೂಲ ಇರುತ್ತದೆ: ಜಲ್ಲಿ ಲಾರಿಯ ಡ್ರೈವರ್, ಎಂಜಿನಿಯರ ಮನೆಗೆ ಹಾಲು ಹಾಕುವವನು. ತಿಂಗಳುಗಟ್ಟಲೆ ಕದಲದ ಜೆಸಿಬಿ ಕಂಡರೆ ಕೈಮುಗಿಯುತ್ತಾರೆ. "ನಮ್ಮ ಕುರುಗೋಡು ದೊಡ್ಡಬಸವಣ್ಣ ಕುಂತಂಗ ಕುಂತೈತಿ, ಇದಕ್ಕೂ ಒಂದು ಗುಡಿ ಕಟ್ಟಿಸ್ರಿ."

ಸಿರುಗುಪ್ಪದ ಬೀಗರ ಮನೆಗೆ ಹೋದರೆ ಅಲ್ಲಿನ ಪ್ರಶ್ನೆ ರೈಲು. ಭತ್ತದ ಸೀಮೆ, ಹೊಳೆ ಉಂಟು, ರೈಲಿಲ್ಲ. ಮಾವ ಸಮಾಧಾನ ಹೇಳುವ ರೀತಿಯೇ ಬೇರೆ: "ಗಿಣಿಗೇರಾ-ರಾಯಚೂರು ಲೈನು 1997ರಾಗ ಮಂಜೂರಾತು. ಸಿಂಧನೂರಿಗೆ ರೈಲು ಬಂದದ್ದು 2024ರಾಗ. ಹೊಳಿ ಆಚೀಕಡಿ ತನಕ ಬಂದೈತಿ ಅಂದ್ಮ್ಯಾಲ ನಿಮ್ಮದೇನು ದೂರ!" ಬೀಗರು ಬೆರಳು ಮಡಚಿ ಲೆಕ್ಕ ಹಾಕಿ, ಮೊಮ್ಮಗನ ಮುಖ ನೋಡುತ್ತಾರೆ.

ಡೈರಿಯಲ್ಲಿ ಅತಿ ಹೆಚ್ಚು ಹಾಳೆ ತಿಂದದ್ದು ಬೆಂಗಳೂರಿನ ಮೆಟ್ರೊ. 2006ರಲ್ಲಿ ಶಂಕುಸ್ಥಾಪನೆ, 2011ರ ಅಕ್ಟೋಬರಿನಲ್ಲಿ ಮೊದಲ ಓಟ, ಮೊದಲ ಹಂತದ 42 ಕಿಲೋಮೀಟರು ಪೂರ್ತಿಯಾದದ್ದು 2017ರಲ್ಲಿ: ಎಲ್ಲ ಬಾಯಿಪಾಠ. ಹಳದಿ ಮಾರ್ಗ ಬರುತ್ತದೆಂದು ನಂಬಿ ಮಗ ಎಲೆಕ್ಟ್ರಾನಿಕ್ಸ್ ಸಿಟಿ ಹತ್ತಿರ ಮನೆ ಮಾಡಿದ. ಕಂಬ ಎದ್ದವು, ಹಳಿ ಬಿತ್ತು, ರೈಲು ಮಾತ್ರ ಇಲ್ಲ. ಬೋಗಿಗಳ ಗುತ್ತಿಗೆ ಚೀನಾ ಕಂಪನಿಗೆ ಹೋಗಿತ್ತು. ಮೊದಲ ರೈಲು ಹಡಗೇರಿ ಚೆನ್ನೈಗೆ ಬಂದು, ಅಲ್ಲಿಂದ ಲಾರಿ ಮೇಲೆ ಹೆಬ್ಬಗೋಡಿ ಡಿಪೋ ಸೇರುವಷ್ಟರಲ್ಲಿ 2024ರ ಫೆಬ್ರುವರಿ. "ರೈಲೇ ಲಾರಿ ಹತ್ತಿ ಬಂತಂದ್ರ, ನೀನು ಬಸ್ಸು ಹತ್ತಾಕ ನಾಚಿಕಿ ಯಾಕ?" ಎಂದು ಮಗನಿಗೆ ಬುದ್ಧಿ ಹೇಳಿದರು.

2025ರ ಆಗಸ್ಟ್ 10ರಂದು ಆ ಮಾರ್ಗ ಉದ್ಘಾಟನೆಯಾದಾಗ ಮಾವ ಟೀವಿ ಮುಂದೆ ಮಂಕಾಗಿ ಕೂತಿದ್ದರು. ಹೇಳಲು ಇನ್ನೇನು ಉಳಿಯಿತು? ಅಷ್ಟರಲ್ಲಿ ಮಗನ ಫೋನು: ಇರುವುದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಮಾವನ ಮುಖದಲ್ಲಿ ಕಳೆ ಬಂತು. ಬೆರಳಿಗೆ ಎಂಜಲು ಹಚ್ಚಿ ಹೊಸ ಹಾಳೆ ತಿರುವಿದರು.

"ನಾಕನೇದು ಯಾವಾಗಪ್ಪಾ?"

"ದಸರಾ ಮುಂದ."

ಸೆಪ್ಟೆಂಬರಿನಲ್ಲಿ, ದಸರೆಗೆ ಮೊದಲೇ, ನಾಲ್ಕನೇ ರೈಲು ಓಡಿತು! ಚಾದಂಗಡಿಯಲ್ಲಿ ಮಾವನ ಹೆಸರಲ್ಲಿ ಎಲ್ಲರಿಗೂ ಮಿರ್ಚಿ ಹಂಚಿದೆವು. ತಿನ್ನಲು ಅವರೇ ಬರಲಿಲ್ಲ. ಮೂರನೇ ದಿನ ಬಂದವರು ಬೆಂಚಿನ ತುದಿಗೆ ಕೂತು, ಡೈರಿ ಬಿಚ್ಚದೆ, ದನಿ ತಗ್ಗಿಸಿ ನನ್ನನ್ನು ಕೇಳಿದರು:

"ಹೇಳಿದ ಟೈಮಿಗೆ ಬಂದೈತಿ ತಮ್ಮಾ. ಬ್ರೇಕು-ಗೀಕು ಎಲ್ಲಾ ಸರಿಯಾಗಿ ಹಾಕ್ಯಾರೇನು, ವಿಚಾರಿಸಿ ನೋಡು."