ಬಾಣಂತಿಯ ಬಾಡಿ: ಜತ್ತ ಸೀಮೆಯ ಒಂದು ಪ್ರಮಾಣಮೀಮಾಂಸೆ

ಮೊದಲು ವಿಷಯನಿರ್ದೇಶ. ಪೇಟೆಯವರು ಬ್ರಾ ಎನ್ನುವ, ಜತ್ತ ತಾಲೂಕಿನ ಹಿರಿಯರು ಬಾಡಿ ಎನ್ನುವ, ಮನೆಯ ಗಂಡಸರು ಏನೂ ಅನ್ನದೆ ಮುಖ ತಿರುಗಿಸುವ ವಸ್ತುವೇ ಇಲ್ಲಿ ವಿಚಾರಾರ್ಹ. ಬಸುರಿನಲ್ಲೂ ಬಾಣಂತನದಲ್ಲೂ ಅದು ಮೈಗೆ ಸರಿಯಾಗಿ ಕೂರಬಲ್ಲದೇ ಎಂಬುದು ಸಂಶಯ. ರಾಜ್ಯಗಳ ಗಡಿ ತಂಟೆಯ ಬಗ್ಗೆ 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗ ಮಹಾರಾಷ್ಟ್ರದ ಈ ತಾಲೂಕಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಲಿ ಎಂದಿತು; ಬಸುರಿಯ ಎದೆ ಹಳೆಯ ಗಡಿ ದಾಟಿದರೆ ಏನು ಮಾಡಬೇಕೆಂದು ಹೇಳಲಿಲ್ಲ. ಆ ಕೊರತೆ ತುಂಬುವುದೇ ಈ ಪ್ರಬಂಧದ ಪ್ರಯೋಜನ.

ತರ್ಕಶಾಸ್ತ್ರ ಒಪ್ಪಿದ ಪ್ರಮಾಣಗಳು ನಾಲ್ಕು. ಉಮದಿಯಿಂದಲೋ ಸಂಖದಿಂದಲೋ ಸೊಸೆಯನ್ನು ಕರೆದುಕೊಂಡು ಅತ್ತೆ ಜತ್ತದ ಅಂಗಡಿ ಹೊಕ್ಕಳೆಂದರೆ ನಾಲ್ಕೂ ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಅಂಗಡಿಯವನು ಸೆರಗಿನ ಮೇಲೊಮ್ಮೆ ಕಣ್ಣಾಡಿಸಿ ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ: ಪ್ರತ್ಯಕ್ಷ. “ಎಷ್ಟರಾಗ ಅದಾರ್ರಿ ಅಕ್ಕಾರ? ಏಳರಾಗ? ಹಂಗಾರ 36 ಬರ್ತೈತಿ”: ಅನುಮಾನ. “ಪಾಟೀಲರ ಸೊಸಿನೂ ಇದನ್ನ ಒಯ್ದಾಳ”: ಉಪಮಾನ. “ನಾವೇನ ಇದನ್ನ ಹಾಕ್ಕೊಂಡ ಹಡದೇವೇನ? ಸಡ್ಲಂದು ಒಂದ ಕೊಡಪಾ, ಸಾಕು” ಎನ್ನುತ್ತಾಳೆ ಅತ್ತೆ: ಶಬ್ದ. ಇದರ ಮುಂದೆ ಉಳಿದ ಮೂರೂ ನಿಲ್ಲವು. ಐದನೆಯ ಪ್ರಮಾಣವಾದ ಅಳತೆಯ ಟೇಪು ಎದುರಿನ ದರ್ಜಿಯ ಕೊರಳಲ್ಲಿ ತೂಗುತ್ತಿರುತ್ತದೆ. ಅದನ್ನು ಇಲ್ಲಿ ಯಾರೂ ಅಂಗೀಕರಿಸಿಲ್ಲ. ವಸ್ತು ಹಳೆಯ ಪೇಪರಿನೊಳಗೆ, ಪೇಪರು ಕರಿ ಚೀಲದೊಳಗೆ ಅಂತರ್ಧಾನ. ತೊಟ್ಟು ನೋಡುವಂತಿಲ್ಲ, ವಾಪಸ್ ಕೊಡುವಂತಿಲ್ಲ.

ಪೂರ್ವಪಕ್ಷ: ಎದೆ ತುಂಬಿದರೆ ನಂಬರು ಏರಿಸಿದರಾಯಿತು. ಖಂಡನೆ: ನಂಬರು ಹೇಳುವುದು ಬೆನ್ನು ಸುತ್ತುವ ಪಟ್ಟಿಯ ಇಂಚು; ಬಟ್ಟಲಿನ ಆಳ ಹೇಳುವುದು ಪಕ್ಕದ ಅಕ್ಷರ. ಬರೀ ನಂಬರು ಏರಿಸಿದರೆ ಸಡಿಲಾದ ಪಟ್ಟಿ ಬೆನ್ನ ಮೇಲೇರುತ್ತದೆ, ಭಾರವೆಲ್ಲ ಹೆಗಲಿಗೆ ಬಿದ್ದು ಅಲ್ಲಿ ಕೆಂಪು ಬಾಸುಂಡೆ ಏಳುತ್ತದೆ. ಅಮೆರಿಕದ ಕ್ಯಾಂಪ್ ಕಂಪನಿ 1932ರಲ್ಲಿ ಈ ಆಳಕ್ಕೆಂದು ಎ, ಬಿ, ಸಿ, ಡಿ ಎಂಬ ನಾಲ್ಕಕ್ಷರ ಗೊತ್ತುಮಾಡಿತು. 49 ಅಕ್ಷರಗಳ ಒಡೆಯರಾದ ನಾವು ಆ ನಾಲ್ಕನ್ನು ಬಾಯಿಬಿಟ್ಟು ಕೇಳಲು ನಾಚುತ್ತೇವೆ.

ಇನ್ನು ಇತಿಹಾಸ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ ಕೂಡಿಸಿ ಮಾಡಿದ ಬ್ರಾಕ್ಕೆ 1914ರಲ್ಲಿ ಪೇಟೆಂಟ್ ಪಡೆದಳು. ನಮ್ಮ ಆಯಿಯ ಗಂಟಿನ ಕುಬಸಕ್ಕೆ ಪೇಟೆಂಟ್ ಯಾರೂ ಕೇಳಲಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಅದಕ್ಕೆ ಗುಂಡಿಯಿಲ್ಲ, ಹುಕ್ಕಿಲ್ಲ, ನಂಬರಿಲ್ಲ. ಮುಂದೆರಡು ಚುಂಗು, ಎದೆಯ ಕೆಳಗೊಂದು ಗಂಟು. ಐದನೇ ತಿಂಗಳಿಗೆ ಬಿಗಿ, ಒಂಬತ್ತಕ್ಕೆ ಸಡಿಲ. ಕೂಸು ಅತ್ತರೆ ಗಂಟು ಬಿಚ್ಚಿದರಾಯಿತು. ಈಗ ಇದೇ ಸೌಕರ್ಯಕ್ಕೆ ಕ್ಲಿಪ್ಪು ಹಚ್ಚಿ ಫೀಡಿಂಗ್ ಬ್ರಾ ಎಂದು ಮಾರುತ್ತಾರೆ. (ಆಧಾರ ಕೊಡುವುದರಲ್ಲಿ ಕುಬಸ ಹಿಂದೆ ಎಂಬ ಆಕ್ಷೇಪವನ್ನು ಪ್ರಬಂಧಕಾರರು ಒಪ್ಪುತ್ತಾರೆ.)

ಮುಖ್ಯ ವಿರೋಧಾಭಾಸ ಇನ್ನು ಮುಂದಿದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಮಾಡುವ ಕಾರ್ಯಕ್ಕೇ ಈ ಸೀಮೆಯಲ್ಲಿ ಕುಬಸ ಎನ್ನುತ್ತಾರೆ. ಬಂದ ಬೀಗತಿಯರೆಲ್ಲ ಖಣದ ಮೇಲೆ ಖಣ ಏರಿಸುತ್ತಾರೆ, ಟ್ರಂಕು ತುಂಬುತ್ತದೆ. ಅಷ್ಟು ರಾಶಿಯಲ್ಲಿ ಆಕೆಯ ಎದೆಗೆ ಈಗಲೇ ಬೇಕಾದ ಅರಿವೆ ಒಂದೂ ಇಲ್ಲ. ಖಣ ದರ್ಜಿಯ ಕೈ ಸೇರುವುದು ಕೂಸು ಅಂಬೆಗಾಲಿಟ್ಟ ಮೇಲೆ. ಅಲ್ಲಿಯತನಕ ಹಳೆಯ ಬಾಡಿಯ ಕೊನೆಯ ಹುಕ್ಕು. ಅದೂ ಎಟುಕದಿದ್ದರೆ ಲಂಗದ ಲಾಡಿಯ ತುಂಡು ಹಚ್ಚಿ ಹೊಲಿದದ್ದು. ಹೊಲಿಗೆ ಬಿಟ್ಟರೆ ಪಿನ್ನು. ಹಡೆದ ಎರಡರಿಂದ ಐದು ದಿನದೊಳಗೆ ಹಾಲಿಳಿದು ಎದೆ ಬಿಗಿಯುತ್ತದೆ. ಆಗ ಇಂಥ ಬಾಡಿ ಹಾಲಿನ ನಾಳ ಒತ್ತಿದರೆ ಗಂಟು ಕಟ್ಟಿ ಜ್ವರ ಬರುವುದುಂಟು. ಮನೆಯವರು ದೃಷ್ಟಿ ತೆಗೆಯುತ್ತಾರೆ; ಬಾಡಿ ತೆಗೆಯುವುದಿಲ್ಲ.

ಸಿದ್ಧಾಂತ: ಬಸುರಿನಲ್ಲಿ ಪಕ್ಕೆಲುಬಿನ ಗೂಡೂ ಹಿಗ್ಗುತ್ತದೆ. ಆದ್ದರಿಂದ ಫೀಡಿಂಗ್ ಬ್ರಾವನ್ನು ಎಂಟನೇ ತಿಂಗಳಲ್ಲಿ, ತೀರ ಸಡಿಲಿನ ಹುಕ್ಕಿಗೆ ಸರಿಹೋಗುವಂತೆ, ಒಂದೆರಡೇ ಕೊಳ್ಳಬೇಕು. ಹೆತ್ತ ಮೇಲೆ ಗೂಡು ಇಳಿದಂತೆ ಒಳಗಿನ ಹುಕ್ಕಿಗೆ ಸರಿಯಬಹುದು. ಉಳಿದವನ್ನು ಹಾಲು ಹದಕ್ಕೆ ಬಂದಮೇಲೆ ನೋಡಿದರಾಯಿತು. ಬೀಗತಿಯರೇ, ಮುಂದಿನ ಕುಬಸಕ್ಕೆ ತಲಾ ಒಂದು ಖಣ ಕಡಿಮೆ ತನ್ನಿ. ಆ ದುಡ್ಡು ಎತ್ತಿಟ್ಟು, ಎಂಟು ತುಂಬುವುದರೊಳಗೆ ಬಸುರಿಯನ್ನು ಟೇಪಿನ ಸಮೇತ ಅಂಗಡಿಗೆ ಕರೆದೊಯ್ಯಿರಿ. ಅತ್ತೆಯನ್ನು ಮನೆಯಲ್ಲೇ ಬಿಡಿ.